ಲೈವ್ ಮುಗಿದ ಮೇಲೆ ಯಾರಿದ್ದಾರೆ?

ಕೇಳುಗರಿಗೆ ನಮಸ್ಕಾರ. "ಮೊಬೈಲ್ ಮುಂದೆ ಕೂತು ಹರಟೆ ಹೊಡೆಯೋದೂ ಒಂದು ಕೆಲಸವಾ ಡಾಕ್ಟ್ರೇ?" ಅಂತ ಯೂಟ್ಯೂಬ್‌ನಂಥ ಕಡೆ ಲೈವ್ ಮಾಡುವ ಹುಡುಗರ ಅಪ್ಪ ಅಮ್ಮಂದಿರು ಕೇಳುತ್ತಲೇ ಇರುತ್ತಾರೆ. ಹೌದ್ರೀ, ಕೆಲಸವೇ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ಗಗನಸಖಿಯರ ನಗುವನ್ನು ನೋಡಿ 1983ರಲ್ಲೇ ಈ ಬಗ್ಗೆ ಬರೆದರು. ಒಳಗೆ ಏನೇ ಕುದಿಯುತ್ತಿರಲಿ, ಮುಖದಲ್ಲಿ ನಗು ಇರಬೇಕು, ಸಂಬಳ ಅದಕ್ಕೇ. ಆದರೆ ವಿಮಾನ ಇಳಿದ ಮೇಲೆ ಅವರಿಗೆ ಜೊತೆಯವರಾದರೂ ಇರುತ್ತಾರೆ. ಲೈವ್ ಮುಗಿದ ಮೇಲೆ ಈ ಹುಡುಗರಿಗೆ ಯಾರಿದ್ದಾರೆ? ನನ್ನ ಪ್ರಶ್ನೆ ಇದೊಂದೇ.

ನನ್ನ ಹತ್ತಿರ ಒಬ್ಬ ಹುಡುಗ ಬಂದಿದ್ದ. 22 ವರ್ಷ, ರಾತ್ರಿ ಹತ್ತರಿಂದ ಎರಡರವರೆಗೆ ಗೇಮ್ ಆಡುತ್ತಾ ಲೈವ್. ಮಾತಾಡುತ್ತಾ ಅಳುತ್ತಿದ್ದ, ಅಷ್ಟರಲ್ಲಿ ಹೊರಗೆ ಯಾರದೋ ಫೋನು ಟಿಣ್ ಅಂತು, ನೋಡಿ, ಕಣ್ಣೀರು ಹಾಗೇ ಇದೆ, ಹುಬ್ಬು ಮೇಲೇರಿತು, ಹಲ್ಲು ಕಂಡಿತು, "ಥ್ಯಾಂಕ್ಯೂ ಬ್ರೋ!" ಅಂದುಬಿಟ್ಟ. ಸೂಪರ್ ಚಾಟ್, ಅಂದರೆ ನೋಡುವವರು ದುಡ್ಡು ಹಾಕಿ ಕಳಿಸುವ ಮೆಸೇಜ್, ಬಂದಾಗಲೂ ಅಂಥದ್ದೇ ಸದ್ದಂತೆ. ಅವನೇ ನಕ್ಕ, ಆಮೇಲೆ ಸುಮ್ಮನಾದ.

ಒಂದು ರಾತ್ರಿ ಯಾರೋ 40 ರೂಪಾಯಿ ಹಾಕಿ "ಬದುಕೋದೇ ಬೇಡ ಅನ್ನಿಸ್ತಿದೆ ಅಣ್ಣ" ಅಂತ ಬರೆದಿದ್ದರಂತೆ. ಇವನು ಆಟ ಬಿಟ್ಟು ನಾಲ್ಕು ಗಂಟೆವರೆಗೆ ಸಮಾಧಾನ ಮಾಡಿದ್ದಾನೆ. ಉಳಿದವರು "ಗೇಮ್ ಆಡೋ" ಅಂತ ಬೈಯುತ್ತಲೇ ಇದ್ದರು. ಆ ಕಡೆಯವನು ಗುಡ್ ನೈಟ್ ಹೇಳಿ ಹೋದ, ಇವನಿಗೆ ನಿದ್ದೆ ಬರಲಿಲ್ಲ. ಬೆಳಗ್ಗೆ ಅಮ್ಮ ಬಾಗಿಲು ತಟ್ಟಿ, "ರಾತ್ರಿಯೆಲ್ಲ ಅದೇನೋ ನಿನ್ನ ಆಟ" ಅಂದರಂತೆ. ಅಷ್ಟೇ. ಯಾರಿದ್ದಾರೆ ಹೇಳಿ ಅವನಿಗೆ?

ಅಯ್ಯೋ, ಈ ಕಥೆಯಲ್ಲೇ ಸಮಯ ಹೋಯಿತು. ಬೇಗ ಹೇಳುತ್ತೇನೆ. ಚಾಟ್‌ನಲ್ಲಿ ಕೊಳಕು ಮಾತು ಅಳಿಸುವ ಮಾಡರೇಟರ್‌ಗಳು ಇರುತ್ತಾರಲ್ಲ, ಹೆಚ್ಚಿನವರದ್ದು ಬಿಟ್ಟಿ ದುಡಿಮೆ. ಅವರಲ್ಲಿ ಇಬ್ಬರು ಈಗ ಲೈವ್ ಮುಗಿದ ಮೇಲೆ ಹತ್ತು ನಿಮಿಷ ಇವನ ಜೊತೆ ಫೋನಿನಲ್ಲಿ ಸುಮ್ನೆ ಹರಟುತ್ತಾರೆ, ಕ್ಯಾಮೆರಾ ಇಲ್ಲ, ನಗಲೇಬೇಕು ಅಂತಿಲ್ಲ. ನಾನು ಬರೆದುಕೊಟ್ಟ ಔಷಧಿ ಅದೇ. ನೋಡುವವರೇ, ಎರಡು ನಿಮಿಷ ಉತ್ತರ ಬರದಿದ್ದರೆ "ಜಾಸ್ತಿ ಆಯ್ತು ಇವನಿಗೆ" ಅನ್ನಬೇಡಿ ಮಾರಾಯ್ರೆ. ಅಮ್ಮಂದಿರೇ, ಬೆಳಗ್ಗೆ ಮೊದಲು ಕಾಫಿ ಕೊಡಿ, ಬೈಗುಳ ಆಮೇಲೆ. ಲೈವ್ ಮಾಡುವವರೇ, ಅಂಥ ಮೆಸೇಜ್ ಬಂದರೆ ಒಬ್ಬರೇ ಹೊರಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ ಕೊಡಿ, 14416, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡು ಕೇಳುವುದಿಲ್ಲ. ನಿಮಗೂ ಅದೇ ನಂಬರ್.

ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಒಂದೇ ನಿಮಿಷ ಸ್ವಾಮಿ. ಪೆನ್ನು ಸಿಗದವರಿಗೆ ಇನ್ನೊಮ್ಮೆ: ಒಂದು, ನಾಲ್ಕು, ನಾಲ್ಕು, ಒಂದು, ಆರು. ನಮಸ್ಕಾರ.