ಗುಂಡಿಯ ಜಾಗದಲ್ಲಿ ಪಿನ್ನು
(ಚಿಕ್ಕಮಗಳೂರಿನಲ್ಲಿ ಚಿತ್ರಕಲಾ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)

ಪ್ರೊಜೆಕ್ಟರ್ ಈಗತಾನೆ ಕೈಕೊಟ್ಟಿತು. ಒಳ್ಳೆಯದೇ ಆಯಿತು ಬಿಡಿ. ಗೋಡೆ ತುಂಬ ಹಿಗ್ಗಿಸಿ ತೋರಿಸುವ ಚಿತ್ರವಲ್ಲ ಇದು. ಮೂಲದ ಎತ್ತರವೇ ಹೆಚ್ಚುಕಡಿಮೆ ಒಂದೂವರೆ ಅಡಿ. ನನ್ನಲ್ಲಿರುವ ಪ್ರತಿಯನ್ನು ಮುಂದಿನ ಸಾಲಿಗೆ ಕೊಡುತ್ತೇನೆ, ಕೈಯಿಂದ ಕೈಗೆ ದಾಟಿಸಿ. ಅಂಚು ಹಿಡಿದುಕೊಳ್ಳಿ, ಮುಖದ ಮೇಲೆ ಬೆರಳು ಬೇಡ.

ಅಮೆರಿಕದ ಕಪ್ಪು ಕಲಾವಿದೆ ಎಲಿಜಬೆತ್ ಕ್ಯಾಟ್ಲೆಟ್ 1952ರಲ್ಲಿ ಮೆಕ್ಸಿಕೋದಲ್ಲಿ ಮಾಡಿದ ಲಿನೋಕಟ್ ಇದು, ಅಂದರೆ ಲಿನೋ ಹಾಳೆಯನ್ನು ಉಳಿಯಿಂದ ಕೊರೆದು, ಮಸಿ ಹಚ್ಚಿ ಎತ್ತಿದ ಅಚ್ಚು. ಹೆಸರು ‘ಶೇರ್‌ಕ್ರಾಪರ್’. ನಮ್ಮ ಮಾತಿನಲ್ಲಿ ಹೇಳುವುದಾದರೆ ವಾರಕ್ಕೆ, ಎಂದರೆ ಬೆಳೆಯಲ್ಲಿ ಧಣಿಗೆ ಪಾಲು ಕೊಡುವ ಕರಾರಿಗೆ, ಹೊಲ ಮಾಡುವವಳು. ಅಗಲ ಅಂಚಿನ ಹುಲ್ಲಿನ ಟೋಪಿ, ನರೆತ ಕೂದಲು, ಗೆರೆ ಬಿದ್ದ ಮುಖ. ಕಣ್ಣು ನಮ್ಮ ಕಡೆಗಿಲ್ಲ, ಆಚೆ ಎಲ್ಲೋ ಇದೆ. ಗುಂಡಿ ಇರಬೇಕಾದ ಜಾಗದಲ್ಲಿ ಒಂದು ಸೇಫ್ಟಿ ಪಿನ್ನು.

1865ರಲ್ಲಿ ಅಮೆರಿಕದಲ್ಲಿ ಗುಲಾಮಗಿರಿ ಕಾನೂನಿನಿಂದ ಹೋಯಿತು. ನೆಲ ಮಾತ್ರ ಹಳೆಯ ಧಣಿಗಳ ಕೈಯಲ್ಲೇ ಉಳಿಯಿತು. ಬಿಡುಗಡೆಯಾದವರಲ್ಲಿ ಎಷ್ಟೋ ಜನ ಅಂಥದೇ ಹೊಲಗಳಿಗೆ ವಾರಕ್ಕೆ ಇಳಿದರು. ಬೀಜ, ಹೇಸರಗತ್ತೆ, ನೇಗಿಲು ಧಣಿಯದು. ಬೆಳೆದ ಹತ್ತಿಯಲ್ಲಿ ಅರ್ಧದಷ್ಟು ಅವನಿಗೆ. ಮಿಕ್ಕದ್ದು ಅಂಗಡಿ ಸಾಲಕ್ಕೆ ಜಮಾ, ಲೆಕ್ಕದ ಪುಸ್ತಕವೂ ಅವನದೇ. ನಮ್ಮ ಕಾಫಿ ತೋಟಗಳ ಹಳಬರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೂಲಿಗೆ ಕರೆತಂದ ಮೇಸ್ತ್ರಿ ಕೊಟ್ಟ ಮುಂಗಡ ಎಂದರೆ ಸಾಕು.

ನನ್ನ ಅವ್ವ ಮೂಡಿಗೆರೆ ಕಡೆಯ ತೋಟವೊಂದರ ಕೂಲಿ ಲೈನಿನ ಮನೆಯಲ್ಲಿದ್ದವಳು. ಅವಳ ತಾಳಿ ದಾರದಲ್ಲಿ ಯಾವಾಗಲೂ ನಾಲ್ಕೈದು ಪಿನ್ನು ಜೋತಾಡುತ್ತಿದ್ದವು. ಕಾಲಿಗೆ ಮುಳ್ಳು ಹೊಕ್ಕರೆ ಅದೇ ಪಿನ್ನು, ಲಂಗಕ್ಕೆ ಲಾಡಿ ಪೋಣಿಸಲು ಅದೇ ಪಿನ್ನು, ಮಳೆಯಲ್ಲಿ ಕೊಪ್ಪೆ ಗಾಳಿಗೆ ಹಾರದಂತೆ ಗಂಟಲ ಹತ್ತಿರ ಸಿಕ್ಕಿಸಲೂ ಅದೇ. ಈ ಚಿತ್ರ ಮೊದಲ ಸಲ ನೋಡಿದಾಗ ನನ್ನ ಕಣ್ಣು ಹೋದದ್ದು ಮುಖದ ಮೇಲಲ್ಲ, ಈ ಪಿನ್ನಿನ ಮೇಲೆ. ಲಿನೋದಲ್ಲಿ ಕೊರೆದದ್ದು ಬಿಳಿ, ಬಿಟ್ಟದ್ದು ಕಪ್ಪು. ಉಳಿ ಒಂದು ಕೂದಲೆಳೆ ಜಾರಿದರೆ ತೇಪೆ ಹಾಕಲು ಬರುವುದಿಲ್ಲ. ಅಷ್ಟು ಸಣ್ಣ ವಸ್ತುವನ್ನು ಕ್ಯಾಟ್ಲೆಟ್ ಬಿಟ್ಟುಬಿಡಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ.

ಇನ್ನೊಂದು ಗಮನಿಸಿ. ನಾವು ಅವಳನ್ನು ಕೆಳಗಿನಿಂದ ನೋಡುತ್ತಿದ್ದೇವೆ, ಅವಳ ಗದ್ದ ನಮ್ಮ ಕಣ್ಣಿಗಿಂತ ಮೇಲಿದೆ. ಕೂಲಿಯವರನ್ನು ಎಲ್ಲರೂ ಮೇಲಿನಿಂದಲೇ ನೋಡಿದವರು: ಸಾವ್ಕಾರ್ರು ಜೀಪಿನಿಂದ, ನಮ್ಮಂಥ ಚಿತ್ರ ಬರೆಯುವವರು ಕರುಣೆಯಿಂದ. ನನಗೆ ಆ ಎರಡನೆಯದೇ ಹೆಚ್ಚು ಸಿಟ್ಟು ತರಿಸುತ್ತದೆ.

ಕ್ಯಾಟ್ಲೆಟ್ 1915ರಲ್ಲಿ ವಾಷಿಂಗ್ಟನ್ನಿನಲ್ಲಿ ಹುಟ್ಟಿದವರು, ಗುಲಾಮರಾಗಿದ್ದವರ ಮೊಮ್ಮಗಳು. ಪಿಟ್ಸ್‌ಬರ್ಗಿನ ಒಂದು ಸಂಸ್ಥೆ ಕಪ್ಪು ಹುಡುಗಿ ಎಂದು ಸೀಟು ಕೊಡಲಿಲ್ಲ. ಮುಂದೆ ನ್ಯೂ ಆರ್ಲಿಯನ್ಸ್‌ನಲ್ಲಿ ಮೇಡಂ ಆಗಿದ್ದಾಗ ಅಲ್ಲಿನ ಮ್ಯೂಸಿಯಂಗೆ ಪಿಕಾಸೊ ಚಿತ್ರಗಳು ಬಂದವು. ಮ್ಯೂಸಿಯಂ ಇದ್ದದ್ದು ಪಾರ್ಕಿನೊಳಗೆ, ಪಾರ್ಕಿಗೆ ಕಪ್ಪು ಜನರನ್ನು ಬಿಡುತ್ತಿರಲಿಲ್ಲ. ಇವರು ಮ್ಯೂಸಿಯಂಗೆ ರಜೆ ಇದ್ದ ದಿನ ಬಸ್ಸು ಮಾಡಿಸಿ, ಬಾಗಿಲ ಬುಡಕ್ಕೇ ನಿಲ್ಲಿಸಿ, ವಿದ್ಯಾರ್ಥಿಗಳನ್ನು ಇಳಿಸಿಕೊಂಡು ಸೀದಾ ಒಳಗೆ ಹೋದರು. ಪಾರ್ಕಿನ ನೆಲ ಮೈಲಿಗೆಯಾಗಲಿಲ್ಲ ನೋಡಿ!

1946ರಲ್ಲಿ ಮೆಕ್ಸಿಕೋಗೆ ಹೋಗಿ ಅಲ್ಲಿನ ಜನಪರ ಮುದ್ರಣ ಕಾರ್ಯಾಗಾರ ಸೇರಿದರು. ಅಗ್ಗದಲ್ಲಿ ಅಚ್ಚು ಹಾಕಿ ಬೀದಿಗೆ ತಲುಪಿಸುವುದು ಅವರ ಕೆಲಸ. 1962ರಲ್ಲಿ ಅಲ್ಲಿಯ ಪೌರತ್ವ ಪಡೆದ ಮೇಲೆ ಹುಟ್ಟಿದ ದೇಶವೇ ವರ್ಷಗಟ್ಟಲೆ ಒಳಗೆ ಬಿಡಲಿಲ್ಲ. ಈಗ ಅದೇ ದೇಶದ ದೊಡ್ಡ ಮ್ಯೂಸಿಯಂಗಳು ಈ ಅಚ್ಚನ್ನು ಗಾಜಿನ ಹಿಂದೆ ಇಟ್ಟಿವೆ.

ಅವರದ್ದು ಬಣ್ಣ, ನಮ್ಮದು ಜಾತಿ. ಎರಡನ್ನೂ ಒಂದೇ ತಕ್ಕಡಿಗೆ ಹಾಕಲು ನನಗೆ ಮನಸ್ಸಿಲ್ಲ. ಬಣ್ಣ ದೂರದಿಂದಲೇ ಕಾಣುತ್ತದೆ. ಜಾತಿ ಕಾಣದು, ಅದಕ್ಕೇ ನಮ್ಮವರು ಕಾಫಿ ಕೊಡುತ್ತಾ ವಿಚಾರಿಸುತ್ತಾರೆ: ‘ನಿಮ್ಮ ಮನೆದೇವರು ಯಾವುದು?’ ಹಾಗೆಂದು ಬಣ್ಣದ ವಿಷಯದಲ್ಲಿ ನಾವೇನೂ ಸಾಚಾ ಅಲ್ಲ. 2016ರಲ್ಲಿ ಬೆಂಗಳೂರಿನಲ್ಲಿ ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪು ಕೈಮಾಡಿತು, ಅವಳಿಗೆ ಸಂಬಂಧವೇ ಇಲ್ಲದ ಒಂದು ಅಪಘಾತದ ನೆಪದಲ್ಲಿ.

ಸರಿ, ಮೇಜಿನ ಮೇಲೆ ಲಿನೋ ತುಂಡುಗಳಿವೆ. ಅಗಸೆ ಎಣ್ಣೆ, ಕಾರ್ಕ್ ಪುಡಿ, ಹಿಂದೆ ಸೆಣಬಿನ ಬಟ್ಟೆ. ನೆಲಕ್ಕೆ ಹಾಸಲೆಂದು ಹುಟ್ಟಿದ ವಸ್ತು. ಐದು ನಿಮಿಷ ಬಿಸಿಲಿಗಿಟ್ಟರೆ ಮೆತ್ತಗಾಗುತ್ತದೆ. ಉಳಿ ಮೈಯಿಂದ ಆಚೆಗೆ ಓಡಲಿ, ಇನ್ನೊಂದು ಕೈ ಅದರ ಹಿಂದಿರಲಿ. ಮಸಿ ಹಚ್ಚಿ ಕಾಗದ ಹಾಸಿದ ಮೇಲೆ ಪ್ರೆಸ್ ಬೇಡ, ಉಜ್ಜಲು ಚಮಚದ ಬೆನ್ನು ಸಾಕು. ಅಕ್ಷರ ಹಾಕುವವರು ತಿರುಗುಮುರುಗು ಬರೆದುಕೊಳ್ಳಿ. ಹೋದ ಸಲ ಒಬ್ಬ ಹುಡುಗ ಮಧ್ಯಾಹ್ನವೆಲ್ಲಾ ಕೂತು ‘ಸಮಾನತೆ’ ಎಂದು ನೇರವಾಗಿ ಕೊರೆದ. ಅಚ್ಚು ಎತ್ತಿದಾಗ ಓದಲು ಕನ್ನಡಿ ತರಬೇಕಾಯಿತು.