ನೆಲಕ್ಕೂ ಚೆಂಡಿಗೂ ನಡುವೆ: ಮಹಿಳೆಯರ ವಿಶ್ವ ವಾಲಿಬಾಲ್ ಚಾಂಪಿಯನ್‌ಷಿಪ್

ಸಭೆಯಲ್ಲಿ ನೆರೆದಿರುವ ಎಲ್ಲರಿಗೂ ನಮಸ್ಕಾರ.

ವಾಲಿಬಾಲ್ ಪಂದ್ಯದ ಮರುದಿನ ಪತ್ರಿಕೆಗಳಲ್ಲಿ ಅಚ್ಚಾಗುವ ಚಿತ್ರ ಹೆಚ್ಚುಕಡಿಮೆ ಒಂದೇ ಬಗೆಯದು. ನೆಟ್‌ಗಿಂತ ಮೇಲಕ್ಕೆ ಜಿಗಿದು ಕೈ ಬೀಸಿದ ಆಟಗಾರ್ತಿ, ಅವಳೆದುರು ಬ್ಲಾಕ್‌ಗೆ ಏರಿದ ಎರಡು ಜೋಡಿ ಕೈಗಳು. ಆ ಸ್ಮ್ಯಾಷ್ ಬಂದು ಬೀಳುವ ಜಾಗದಲ್ಲಿ ಮಂಡಿ ಬಾಗಿಸಿ ಕಾದು ನಿಂತವಳು ಚಿತ್ರದೊಳಗೆ ಬರುವುದೇ ಇಲ್ಲ. ಮಹಿಳೆಯರ ವಿಶ್ವ ಚಾಂಪಿಯನ್‌ಷಿಪ್‌ನ ಚರಿತ್ರೆಯನ್ನು ಇಂದು ಅವಳು ನಿಂತ ಕಡೆಯಿಂದ ಹೇಳಬೇಕೆಂದಿದ್ದೇನೆ. ಗೆಲ್ಲುವ ದೇಶಗಳ ಪಟ್ಟಿ ಬದಲಾದಾಗಲೆಲ್ಲ ನಾವು ಎತ್ತರವನ್ನೂ ತೋಳ್ಬಲವನ್ನೂ ಕಾರಣವಾಗಿ ಹೇಳುತ್ತೇವೆ. ಚೆಂಡನ್ನು ನೆಲ ಮುಟ್ಟಗೊಡದ ವಿದ್ಯೆಗೆ ಸಲ್ಲಬೇಕಾದ ಪಾಲು ಸಂದಿಲ್ಲ ಎಂಬುದು ನನ್ನ ತಕರಾರು.

ಅಂತರರಾಷ್ಟ್ರೀಯ ವಾಲಿಬಾಲ್ ಫೆಡರೇಷನ್ 1947ರಲ್ಲಿ ಪ್ಯಾರಿಸ್‌ನಲ್ಲಿ ಸ್ಥಾಪನೆಯಾಯಿತು. ಪುರುಷರ ಮೊದಲ ವಿಶ್ವ ಚಾಂಪಿಯನ್‌ಷಿಪ್ 1949ರಲ್ಲಿ ಪ್ರಾಗ್‌ನಲ್ಲಿ ನಡೆದರೆ, ಮಹಿಳೆಯರದು ಮೂರು ವರ್ಷಗಳ ಬಳಿಕ, 1952ರಲ್ಲಿ, ಮಾಸ್ಕೋದಲ್ಲಿ ಆರಂಭವಾಯಿತು. ಆ ವರ್ಷ, ಬಳಿಕ 1956ರಲ್ಲಿ, 1960ರಲ್ಲಿ, ಹೀಗೆ ಮೂರೂ ಬಾರಿ ಪ್ರಶಸ್ತಿ ಸೋವಿಯತ್ ಒಕ್ಕೂಟದ ಪಾಲಾಯಿತು. ಆ ತಂಡದ ಎತ್ತರಕ್ಕೂ ಹೊಡೆತದ ವೇಗಕ್ಕೂ ಸರಿಸಾಟಿಯಾಗುವ ತಂಡ ಬೇರೆಲ್ಲಿಯೂ ಇರಲಿಲ್ಲ.

ಆದರೆ 1962ರಲ್ಲಿ ಅದೇ ಮಾಸ್ಕೋದಲ್ಲಿ, ತಮ್ಮದೇ ಪ್ರೇಕ್ಷಕರ ಎದುರು, ಸೋವಿಯತ್ ಆಟಗಾರ್ತಿಯರು ಜಪಾನ್‌ಗೆ ಸೋತರು. ಆ ಜಪಾನ್ ತಂಡದ ಬೇರು ಇದ್ದದ್ದು ಒಸಾಕಾ ಬಳಿಯ ಕೈಝುಕಾದಲ್ಲಿದ್ದ ನಿಚಿಬೊ ಎಂಬ ಬಟ್ಟೆ ಗಿರಣಿಯಲ್ಲಿ. ಹಗಲು ಗಿರಣಿಯ ಕೆಲಸ, ಅದು ಮುಗಿದ ಮೇಲೆ ಸರಿರಾತ್ರಿಯವರೆಗೂ ಅಭ್ಯಾಸ. ತರಬೇತುದಾರ ಹಿರೊಬುಮಿ ದೈಮಾತ್ಸು ಅವರು ತಮ್ಮ ಹುಡುಗಿಯರು ಎತ್ತರದಲ್ಲಿ ಸೋವಿಯತ್ತರನ್ನು ಮೀರಲಾರರೆಂಬುದನ್ನು ಮೊದಲೇ ಒಪ್ಪಿಕೊಂಡು, ಉಳಿದ ದಾರಿ ಯಾವುದೆಂದು ಹುಡುಕಿದರು. ಸಿಕ್ಕಿದ್ದು ಉರುಳಿ ಎತ್ತುವ ರಿಸೀವ್.

ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ದೂರದ ಚೆಂಡಿಗಾಗಿ ನೆಲಕ್ಕೆ ಬಿದ್ದ ಆಟಗಾರ್ತಿಯ ಮೊದಲ ಕಷ್ಟ ಪೆಟ್ಟು, ಎರಡನೆಯದು ಕಾಲ. ಅವಳು ಕೈಯೂರಿ ಏಳುವಷ್ಟರಲ್ಲಿ ಚೆಂಡು ನೆಟ್ ದಾಟಿ ಹೋಗಿ ಮತ್ತೆ ಮರಳಿರುತ್ತದೆ. ತಂಡ ಆ ಹೊತ್ತು ಐದೇ ಜನರದ್ದು. ದೈಮಾತ್ಸು ಕಲಿಸಿದ ಕ್ರಮದಲ್ಲಿ ಅವಳು ಒಂದು ಕಾಲನ್ನು ಉದ್ದಕ್ಕೆ ಚಾಚಿ, ಮೈಯನ್ನು ನೆಲಕ್ಕೆ ಹತ್ತಿರ ತಂದು, ಒಂದೇ ಕೈಯಿಂದ ಚೆಂಡನ್ನು ಮೇಲಕ್ಕೆತ್ತುತ್ತಾಳೆ. ಬೀಳುವ ರಭಸವನ್ನು ತಡೆಯದೆ ಭುಜದ ಮೇಲೆ ತೆಗೆದುಕೊಂಡು, ಬೆನ್ನಿನ ಮೇಲಿಂದ ಉರುಳಿ, ಅದೇ ರಭಸದಲ್ಲಿ ಎದ್ದು ನಿಲ್ಲುತ್ತಾಳೆ. ಬೀಳುವುದೂ ಏಳುವುದೂ ಒಂದೇ ಚಲನೆಯಾಗಿಬಿಡುತ್ತದೆ. ಎದುರಾಳಿಯ ದೃಷ್ಟಿಯಿಂದ ಯೋಚಿಸಿ: ಅಂಕ ಬಂತೆಂದುಕೊಂಡ ಸ್ಮ್ಯಾಷ್ ಮರಳಿ ಬರುತ್ತದೆ, ಇನ್ನೊಮ್ಮೆ ಹೊಡೆದರೂ ಬರುತ್ತದೆ. ಸೋವಿಯತ್ ಪತ್ರಿಕೆಗಳು ಈ ತಂಡವನ್ನು ‘ಪೂರ್ವದ ಮಾಟಗಾತಿಯರು’ ಎಂದು ಕರೆದದ್ದರಲ್ಲಿ ಬೆರಗಿನಷ್ಟೇ ಬೇಸರವೂ ಇದ್ದಿರಬೇಕು.

ದೈಮಾತ್ಸು ಅವರ ತರಬೇತಿಯ ಕಾಠಿಣ್ಯವನ್ನು ನಾನು ಮಾತ್ರ ಹೊಗಳಲಾರೆ. ನಿದ್ದೆಗೆಟ್ಟ ಮೈಗಳ ಮೇಲೆ ಕಟ್ಟಿದ ಗೆಲುವು ಅದು, ಆ ಕಾಲದಲ್ಲಿಯೇ ಟೀಕೆಗೂ ಗುರಿಯಾಗಿತ್ತು. ತಂತ್ರ ಮಾತ್ರ ಉಳಿಯಿತು. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ವಾಲಿಬಾಲ್ ಮೊದಲ ಬಾರಿಗೆ ಸೇರಿದಾಗ, ಅದು ಒಲಿಂಪಿಕ್ಸ್‌ನಲ್ಲಿ ಮಹಿಳೆಯರು ಆಡಿದ ಮೊದಲ ತಂಡ ಕ್ರೀಡೆಯೂ ಆಯಿತು. ಮಸಾಯೆ ಕಸಾಯ್ ನಾಯಕತ್ವದ ಜಪಾನ್ ಅಕ್ಟೋಬರ್ 23ರಂದು ಸೋವಿಯತ್ ತಂಡವನ್ನು 15-11, 15-8, 15-13ರಿಂದ ಸೋಲಿಸಿತು.

1967ರ ಚಾಂಪಿಯನ್‌ಷಿಪ್ ಬಗ್ಗೆ ಹೇಳುವುದು ಕಡಿಮೆ. ಧ್ವಜ ಮತ್ತು ರಾಷ್ಟ್ರಗೀತೆಗಳ ವಿವಾದದಿಂದ ಸೋವಿಯತ್ ಒಕ್ಕೂಟದ ಜೊತೆಗಿದ್ದ ಪೂರ್ವ ಬಣದ ದೇಶಗಳು ಹಿಂದೆ ಸರಿದ ಕಾರಣ ಟೋಕಿಯೊದಲ್ಲಿ ಆಡಿದ್ದು ನಾಲ್ಕೇ ತಂಡಗಳು.

ಮುಂದಿನ ದಶಕಗಳಲ್ಲಿ ದಾಳಿಯ ಕೈ ಮೇಲಾಯಿತು. 1978ರಲ್ಲಿ ಕ್ಯೂಬಾ ಗೆದ್ದಿತು. 1982 ಮತ್ತು 1986ರಲ್ಲಿ ‘ಕಬ್ಬಿಣದ ಸುತ್ತಿಗೆ’ ಎಂದೇ ಹೆಸರಾದ ಲಾಂಗ್ ಪಿಂಗ್ ಅವರ ಪೀಳಿಗೆಯ ಚೀನಾ ಗೆದ್ದಿತು. 1994 ಮತ್ತು 1998ರಲ್ಲಿ ಮತ್ತೆ ಕ್ಯೂಬಾ. ಕ್ಯೂಬಾದ ಮಿರೇಯಾ ಲೂಯಿಸ್ ಅವರ ಎತ್ತರ 1.75 ಮೀಟರ್ ಅಷ್ಟೇ, ಆದರೆ ಅವರು ಜಿಗಿದರೆ 2.24 ಮೀಟರ್ ಎತ್ತರದ ನೆಟ್ ಬಹಳ ಕೆಳಗೆ ಉಳಿಯುತ್ತಿತ್ತು. ಅಂಥ ಹೊಡೆತಕ್ಕೆ ಉರುಳುವ ವ್ಯವಧಾನವಾದರೂ ಎಲ್ಲಿ ಸಿಗಬೇಕು?

ಆಟದ ನಿಯಮವೇ ಇದಕ್ಕೆ ಉತ್ತರ ಕೊಡಬೇಕಾಯಿತು. 1998ರಲ್ಲಿ ಅಂತರರಾಷ್ಟ್ರೀಯ ಪಂದ್ಯಗಳಿಗೆ ಬಂದ ‘ಲಿಬೆರೊ’ ಎಂಬ ಸ್ಥಾನ ರಕ್ಷಣೆಗೆಂದೇ ಮೀಸಲು. ಬೇರೆ ಬಣ್ಣದ ಅಂಗಿ ತೊಟ್ಟ ಈ ಆಟಗಾರ್ತಿ ಹಿಂದಿನ ಸಾಲಿನಲ್ಲಿ ಯಾರ ಬದಲಿಗಾದರೂ ಅಂಕಣಕ್ಕೆ ಬರಬಹುದು, ಅದು ಬದಲಿ ಆಟಗಾರರ ಲೆಕ್ಕಕ್ಕೆ ಸೇರುವುದಿಲ್ಲ. ಆದರೆ ಬ್ಲಾಕ್ ಮಾಡುವಂತಿಲ್ಲ, ನೆಟ್‌ಗಿಂತ ಮೇಲಿರುವ ಚೆಂಡನ್ನು ಎದುರಾಳಿಯತ್ತ ಹೊಡೆಯುವಂತಿಲ್ಲ. ಹಾಗಾಗಿ ಅಂಕಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಸಾಮಾನ್ಯವಾಗಿ ಸೊನ್ನೆಯೇ ಇರುತ್ತದೆ. ನನ್ನ ತಕರಾರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

2025ರ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಥಾಯ್ಲೆಂಡ್‌ನಲ್ಲಿ ನಡೆದ ಚಾಂಪಿಯನ್‌ಷಿಪ್‌ಗೆ ಬರೋಣ. ತಂಡಗಳ ಸಂಖ್ಯೆ 24ರಿಂದ 32ಕ್ಕೆ ಏರಿದ್ದು ಅಲ್ಲಿಯೇ, ನಾಲ್ಕು ವರ್ಷಗಳಿಗೊಮ್ಮೆ ನಡೆಯುತ್ತಿದ್ದ ಟೂರ್ನಿ ಎರಡು ವರ್ಷಗಳಿಗೊಮ್ಮೆ ನಡೆಯುವ ಪದ್ಧತಿ ಶುರುವಾದದ್ದೂ ಅಲ್ಲಿಂದಲೇ. ಬ್ಯಾಂಕಾಕ್‌ನ ಫೈನಲ್‌ನಲ್ಲಿ ಇಟಲಿ ಮತ್ತು ಟರ್ಕಿ ಎದುರಾದವು. ಇಟಲಿಯ ಲಿಬೆರೊ ಮೋನಿಕಾ ಡೆ ಜೆನ್ನಾರೊ ಅವರಿಗೆ ಆಗ 38 ವರ್ಷ. 2018ರಲ್ಲಿ ಸರ್ಬಿಯಾ ಎದುರು ಐದನೇ ಸೆಟ್‌ನಲ್ಲಿ ಫೈನಲ್ ಸೋತ ಇಟಲಿ ತಂಡದಲ್ಲೂ ಅವರಿದ್ದರು. ಎದುರಿನ ಟರ್ಕಿಯ ತರಬೇತುದಾರ ಡೇನಿಯೆಲೆ ಸಾಂತಾರೆಲ್ಲಿ, ಡೆ ಜೆನ್ನಾರೊ ಅವರ ಪತಿ, ಇಟಲಿಯ ಕೊನೆಲ್ಯಾನೊ ಕ್ಲಬ್‌ನಲ್ಲಿ ಅವರ ತರಬೇತುದಾರರೂ ಹೌದು. ವರ್ಷವಿಡೀ ಅಭ್ಯಾಸದಲ್ಲಿ ಅವರ ಆಟವನ್ನು ನೋಡುತ್ತಲೇ ಬಂದವರು. ಆಕೆ ಯಾವ ಕಡೆಗೆ ಬೇಗ ಸರಿಯುತ್ತಾರೆ, ಯಾವ ಚೆಂಡಿಗೆ ಅರೆಹೆಜ್ಜೆ ತಡವಾಗುತ್ತಾರೆ ಎಂಬುದು ಸಾಂತಾರೆಲ್ಲಿಗಿಂತ ಚೆನ್ನಾಗಿ ತಿಳಿದವರು ಆ ಕ್ರೀಡಾಂಗಣದಲ್ಲಿ ಇನ್ನಾರೂ ಇದ್ದಿರಲಾರರು. ನಾಲ್ಕು ಸೆಟ್‌ಗಳು ಸಮವಾಗಿ ಹಂಚಿಹೋದವು. ಐದನೆಯದನ್ನು ಇಟಲಿ 15-8ರಿಂದ ತನ್ನದಾಗಿಸಿಕೊಂಡಿತು.