ಕೂದಲು ನೋಡಿ ದೇಶ ಹೇಳಬೇಡಿ

ನಮಸ್ಕಾರ. ಹೋದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಅನಿಮೆಯಲ್ಲಿ ಎಲ್ಲರೂ ಬಿಳಿಯರೇ. ಜಪಾನಿನವರಿಗೆ ತಮ್ಮ ಮುಖ ಕಂಡರೆ ನಾಚಿಕೆ." ಅನಿಮೆ ಅಂದರೆ ಜಪಾನಿನ ಕಾರ್ಟೂನು. ಆ ಕಾಮೆಂಟಿಗೆ ಲೈಕುಗಳ ಸುರಿಮಳೆ. ಇವತ್ತು ಬೇರೆ ವಿಷಯ ಇತ್ತು, ಪಕ್ಕಕ್ಕಿಟ್ಟೆ. ಪಾತ್ರದ ದೇಶ ಯಾವುದು ಅನ್ನೋದು ಕಥೆಯಲ್ಲಿರುತ್ತೆ. ಕೂದಲಲ್ಲಿ ಇರಲ್ಲ.

ಪಾತ್ರಗಳ ಕೂದಲಿಗೆ ಹಳದಿ ಬಣ್ಣ ಬಂದಿದ್ದು ಎಲ್ಲಿಂದ, ಮೊದಲು ಅದನ್ನು ನೋಡಿ. ಮಂಗಾ, ಅಂದರೆ ಜಪಾನಿನ ಕಾಮಿಕ್ಸ್, ಅಚ್ಚಾಗೋದು ಕಪ್ಪು-ಬಿಳುಪಿನಲ್ಲಿ. ವಾರಪತ್ರಿಕೆಗೆ ಬರೆಯೋರು ವಾರಕ್ಕೆ ಸುಮಾರು 19-20 ಪುಟ ಮುಗಿಸಬೇಕು. ಒಂದು ಚೌಕದಲ್ಲಿ ನಾಲ್ಕು ಹುಡುಗರು ನಿಂತರೆ ಯಾರು ಯಾರು ಅಂತ ಕಣ್ಣು ಹಾಯಿಸಿದ ಕೂಡಲೇ ಗೊತ್ತಾಗಬೇಕು. ಅದಕ್ಕೆ ಕೂದಲಿಗೆ ಪೂರ್ತಿ ಶಾಯಿ ತುಂಬಬೇಕು, ಇಲ್ಲಾ ಚುಕ್ಕಿಗಳಿರೋ ಸ್ಕ್ರೀನ್‌ಟೋನ್ ಹಾಳೆ ಕತ್ತರಿಸಿ ಅಂಟಿಸಬೇಕು, ಅದೂ ಬೇಡ ಅಂದರೆ ಖಾಲಿ ಬಿಡಬೇಕು. ಹಾಗೆ ಖಾಲಿ ಬಿಟ್ಟ ಕೂದಲು ಬಣ್ಣದ ಮುಖಪುಟಕ್ಕೋ ಟೀವಿಗೋ ಹೋದಾಗ ಹಳದಿಯೋ ಕಿತ್ತಳೆಯೋ ಆಗುತ್ತೆ. ಡ್ರ್ಯಾಗನ್ ಬಾಲ್‌ನ ನಾಯಕ ಗೋಕು ಸೂಪರ್ ಸೈಯನ್ ಅನ್ನೋ ಬಲದ ರೂಪ ತಾಳಿದಾಗ ಕೂದಲು ಚಿನ್ನದ ಬಣ್ಣಕ್ಕೆ ತಿರುಗುತ್ತಲ್ಲ, ಅದರ ಕಾರಣ ಅದನ್ನು ಬರೆದ ಅಕಿರಾ ತೋರಿಯಾಮಾ ಅವರೇ ಹೇಳಿದ್ದಾರೆ. ಗೋಕುವಿನ ಕಪ್ಪು ಕೂದಲು ತುಂಬೋಕೆ ಸಹಾಯಕನಿಗೆ ವಿಪರೀತ ಹೊತ್ತು ಹಿಡೀತಿತ್ತು, ಬಿಳಿ ಬಿಟ್ಟರೆ ಆ ಕೆಲಸ ಉಳಿಯುತ್ತೆ ಅಂತ. ಶಾಯಿ ಉಳಿಸಿದ್ದನ್ನು ನೋಡಿ ಯುರೋಪಿನವನು ಅಂದರೆ ಹೇಗ್ರೀ? ಗೋಕು ಹುಟ್ಟಿದ್ದು ಭೂಮಿಯಲ್ಲೇ ಅಲ್ಲ!

ದೊಡ್ಡ ಕಣ್ಣಿನ ಮಾತು ಬಿಡಿ. ಅದು ಮಂಗಾ ಚಿತ್ರಕಾರ ಒಸಾಮು ತೆಜುಕಾ ಡಿಸ್ನಿ ಚಿತ್ರಗಳಿಂದ ಕಲಿತ ಶೈಲಿ. ಜಿಂಕೆ ಮರಿಗೂ ಅದೇ ಕಣ್ಣು, ರೋಬೋಟಿಗೂ ಅದೇ ಕಣ್ಣು.

ಈಗ 1995ರ ಇವ್ಯಾಂಜೆಲಿಯನ್‌ಗೆ ಬನ್ನಿ. ಈ ಅನಿಮೆಯ ಹುಡುಗಿ ಅಸುಕಾಗೆ ಕೆಂಪು ಕೂದಲು. ಬಂದಿದ್ದು ಜರ್ಮನಿಯಿಂದ, ರಕ್ತದಲ್ಲಿ ಕಾಲು ಭಾಗ ಜಪಾನ್, ಪೌರತ್ವ ಅಮೆರಿಕದ್ದು. ಈ ಮೂರರಲ್ಲಿ ಯಾವುದನ್ನು ಕೂದಲು ಹೇಳುತ್ತೆ? ಅದೇ ತರಗತಿಯಲ್ಲಿ ರೇ ಅಯನಾಮಿ ಕೂತಿದ್ದಾಳೆ, ನೀಲಿ ಕೂದಲು. ನೀಲಿ ಕೂದಲಿನವರ ದೇಶ ಯಾವುದು ಅಂತ ಯಾರೂ ಕೇಳಲ್ಲ, ಹಳದಿ ಕಂಡರೆ ಮಾತ್ರ ಕೇಳ್ತಾರೆ. ಸೈಲರ್ ಮೂನ್‌ನ ಉಸಾಗಿಗೆ ಹಳದಿ ಜಡೆ, ಆದರೆ ಮನೆ ಟೋಕಿಯೋದ ಅಜಾಬು-ಜೂಬಾನ್‌ನಲ್ಲಿ, ಓದೋದು ಅಲ್ಲಿಯ ಶಾಲೆಯಲ್ಲಿ. ವಿಳಾಸ ಕಣ್ಣೆದುರಿಗೇ ಇರುವಾಗ ಜಡೆ ಯಾಕೆ ನೋಡ್ತೀರಿ?

ಹಾಗಾದರೆ ಏನು ನೋಡಬೇಕು? ಮೊದಲು ಹೆಸರು. ಜಪಾನಿ ಮೂಲದಲ್ಲಿ ಸ್ಥಳೀಯರಿಗೆ ಮನೆತನದ ಹೆಸರು ಮೊದಲು, ಸಾಮಾನ್ಯವಾಗಿ ಕಾಂಜಿ ಅನ್ನೋ ಚೀನೀ ಮೂಲದ ಅಕ್ಷರಗಳಲ್ಲಿ. ಪಾಶ್ಚಾತ್ಯರ ಹೆಸರು ಹೊರಗಿನ ಪದಗಳಿಗೆ ಬಳಸೋ ಕತಕಾನಾ ಲಿಪಿಯಲ್ಲಿ, ನಡುವೆ ಒಂದು ಚುಕ್ಕಿ, ಮನೆತನ ಕೊನೆಗೆ. ನಾವು ಎಡವೋದು ಇಲ್ಲೇ: ಇಂಗ್ಲಿಷ್ ಸಬ್‌ಟೈಟಲ್ ಎಷ್ಟೋ ಸಲ ಎಲ್ಲರ ಹೆಸರನ್ನೂ ಒಂದೇ ಕ್ರಮಕ್ಕೆ ತಿರುಗಿಸಿಬಿಡುತ್ತೆ, ಸುಳಿವು ಅಳಿಸಿ ಹೋಗುತ್ತೆ. ಲಿಪಿ ಒಂದನ್ನೇ ನಂಬಿದರೂ ಕಷ್ಟ. ಅದೇ ಹೆಸರಿನ ಮಂಗಾದ ನಾಯಕ ನರುಟೋ ಹೆಸರಲ್ಲಿ ಕಾಂಜಿಯೇ ಇಲ್ಲ, ಆದರೂ ಮನೆತನದ ಹೆಸರು ಉಜುಮಾಕಿ ಮೊದಲು ಬರುತ್ತೆ. ಆಮೇಲೆ, ನೀವು ನೋಡ್ತಿರೋ ಕಥೆಯಲ್ಲೇ ಹೊರದೇಶದವನು ಬಂದಾಗ ಚಿತ್ರಕಾರ ಏನು ಬದಲಾಯಿಸ್ತಾನೆ ನೋಡಿ. ಮೂಗು ಉದ್ದ ಆಗುತ್ತೆ, ದವಡೆ ಅಗಲ ಆಗುತ್ತೆ, ಮಾತು ತೊದಲುತ್ತೆ. ಹಳದಿ ಕೂದಲಿನ ನಾಯಕಿಗೆ ಇದ್ಯಾವುದೂ ಇರಲ್ಲ, ಯಾಕಂದರೆ ಅವಳು ಊರಿನವಳು.

ಕಾನೂನು ಬೇಕಾ? ಜೋಜೋ ಅನ್ನೋ ಮಂಗಾದ ನಾಲ್ಕನೇ ಭಾಗದ ನಾಯಕ ಜೋಸುಕೆ ಹುಟ್ಟಿದ್ದು 1983ರಲ್ಲಿ. ಅಪ್ಪ ಜೋಸೆಫ್ ಜೋಸ್ಟಾರ್ ಬ್ರಿಟನ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವನು, ಅಮ್ಮ ಜಪಾನಿನವಳು, ಇಬ್ಬರಿಗೂ ಮದುವೆ ಆಗಿರಲಿಲ್ಲ. ಜಪಾನಿನಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಸಿಗಲ್ಲ. 1985ರ ಜನವರಿ 1ರ ತನಕ ಅದು ಅಪ್ಪನ ಕಡೆಯಿಂದಲೇ ಬರ್ತಿತ್ತು. ಆದರೆ ಮದುವೆಯಾಗದ ತಾಯಿಯ ಮಗುವಿಗೆ ಕಾನೂನಿನ ಪ್ರಕಾರ ಅಪ್ಪ ಇಲ್ಲದಿದ್ದರೆ ಅಮ್ಮನ ಪೌರತ್ವ. ಅದಕ್ಕೇ ಅವನು ಅಮ್ಮನ ಮನೆತನದ ಹೆಸರಲ್ಲಿ ಹಿಗಾಶಿಕಾಟಾ ಜೋಸುಕೆ, ಜಪಾನಿ. ನೀಲಿ ಕಣ್ಣಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

"ಒನ್ ಪೀಸ್ ಮಂಗಾ ಬರೆದ ಒಡಾ ಅವರೇ ಅದರ ನಾಯಕ ಲೂಫಿ ಬ್ರೆಜಿಲ್‌ನವನು ಅಂದಿದ್ದಾರೆ" ಅಂತ ಬರ್ತೀರಿ, ಗೊತ್ತು. ಪೂರ್ತಿ ಓದಿ. ನಿಜ ಜಗತ್ತಿನಲ್ಲಿ ಇದ್ದಿದ್ದರೆ ಯಾವ ದೇಶ ಅಂತ ಓದುಗರು ಕೇಳಿದ್ದು, ಅವರು ಉತ್ತರ ಕೊಟ್ಟಿದ್ದು. ನಾಮಿ ಸ್ವೀಡನ್, ಸಾಂಜಿ ಫ್ರಾನ್ಸ್, ನಮ್ಮ ಜಿಂಬೆ ಭಾರತ. ಉಸೊಪ್‌ಗೆ ಆಫ್ರಿಕಾ ಅಂದುಬಿಟ್ಟರು, ಅದು ದೇಶವೇ ಅಲ್ಲ. ಜೋರೋ? ಜಪಾನ್. ಹಸಿರು ಕೂದಲಿನ ಜೋರೋ! ನಿಮ್ಮ ವಾದ ನಿಂತಿದ್ದೇ ಕೂದಲ ಮೇಲೆ. ಈಗ ಹೇಳಿ!

"ವರ್ಸೈಲ್ಸ್‌ನ ಗುಲಾಬಿಯ ಆಸ್ಕರ್‌ಗೆ ಬಂಗಾರದ ಕೂದಲು, ಅವಳು ಫ್ರೆಂಚ್ ಅಲ್ವಾ?" ಹೌದು, ಫ್ರೆಂಚ್. ಫ್ರಾನ್ಸಿನ ರಾಣಿ ಮೇರಿ ಆಂಟೊಯ್ನೆಟ್‌ಳ ಕಾವಲು ಪಡೆಯಲ್ಲಿ ಇದ್ದಾಳೆ ಅದಕ್ಕೆ! ಆ ಮಂಗಾ ಬರೆದ ರಿಯೋಕೊ ಇಕೆಡಾ 1972ರಲ್ಲಿ ಕಥೆಯನ್ನು ಅಲ್ಲೇ ಇಟ್ಟರು ಅದಕ್ಕೆ! ವಿನ್‌ಲ್ಯಾಂಡ್ ಸಾಗಾದ ಥೋರ್ಫಿನ್ ಐಸ್‌ಲ್ಯಾಂಡಿನವನು, ಹೈಡಿ ಸ್ವಿಸ್, ಕಥೆ ಹಾಗೆ ಹೇಳುತ್ತೆ. ಫುಲ್‌ಮೆಟಲ್ ಆಲ್ಕೆಮಿಸ್ಟ್‌ನ ಎಡ್ವರ್ಡ್ ಎಲ್ರಿಕ್ ಅಮೆಸ್ಟ್ರಿಸ್‌ನವನು, ಆ ದೇಶವೇ ಕಲ್ಪನೆ. 2017ರಲ್ಲಿ ಜಪಾನಿನವರು ಆ ಕಥೆಯನ್ನು ಸಿನಿಮಾ ಮಾಡಿ ಜಪಾನಿ ನಟರನ್ನೇ ಹಾಕಿದರು, ಅದಕ್ಕೂ ಜಗಳ. ಇಲ್ಲದ ದೇಶದ ಪೌರನಿಗೆ ಯಾವ ಊರಿನ ನಟ ಆದರೇನು?

ಇನ್ನು ಬಾಡಿಗೆ ಕೊಲೆಗಾರನ ಮಂಗಾ ಗೊಲ್ಗೊ 13. ತಕಾವೊ ಸೈತೊ 1968ರಿಂದ ಬರೆದರು, ಅವನ ದೇಶ ಬೇಕಂತಲೇ ಮುಚ್ಚಿಟ್ಟರು. ಕಪ್ಪು ಕೂದಲು, ದಪ್ಪ ಹುಬ್ಬು, ಮುಖ ಪೂರ್ತಿ ಕಾಣುತ್ತೆ. ಗೊತ್ತಾಯ್ತಾ? ಗೊತ್ತಾಗಲ್ಲ. ಕೂದಲಲ್ಲಿ ಇರಲ್ಲ, ಇರಲ್ಲ, ಇರಲ್ಲ!

ಮುಂದಿನ ವಿಡಿಯೋ ಮಾನ್‌ಸ್ಟರ್ ಮಂಗಾ ಬಗ್ಗೆ, ಕಥೆ ಜರ್ಮನಿಯದು: ಡ್ಯೂಸೆಲ್‌ಡಾರ್ಫ್‌ನ ಆಸ್ಪತ್ರೆಯಲ್ಲಿ ಜಪಾನಿ ವೈದ್ಯ ತೆನ್ಮಾ. ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ. ಯಾರದೇ ದೇಶ ಬರೆಯೋದಿದ್ದರೆ ಯಾವ ಅಧ್ಯಾಯ, ಯಾವ ಮಾತು ಅಂತ ಸೇರಿಸಿ ಬರೆಯಿರಿ. ಬರೀ ಕೂದಲ ಬಣ್ಣ ಬರೆದ ಕಾಮೆಂಟು ಅಳಿಸ್ತೀನಿ.